ಆಶ್ ಮರದ ಹುಳುವಿಗೆ ಯಾವ ಕಣಜ?

ಅಮೆರಿಕದಲ್ಲಿ ಆಶ್ ಮರಗಳನ್ನು ಒಣಗಿಸುತ್ತಿರುವ ಎಮರಾಲ್ಡ್ ಆಶ್ ಬೋರರ್ ದುಂಬಿ 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾಯಿತು. ಅದರ ಮರಿಹುಳು ತೊಗಟೆಯ ಕೆಳಗಿರುತ್ತದೆ. ಅದನ್ನು ಕೊಲ್ಲಲು, ತೊಗಟೆಯ ಮೂಲಕ ಚುಚ್ಚಿ ಹುಳುವಿಗೆ ಮೊಟ್ಟೆ ಇಡುವ ಯಾವ ಕಣಜ ಬಿಡಬೇಕು?

ಮೊದಲು ಮರದ ದಪ್ಪ ನೋಡಿ. ಟೆಟ್ರಾಸ್ಟಿಕಸ್ ಪ್ಲಾನಿಪೆನಿಸಿ ಎಂಬ ಕಣಜದ ಮೊಟ್ಟೆ ಇಡುವ ಸೂಜಿ ಗಿಡ್ಡ. ಸುಮಾರು 12 ಸೆಂ.ಮೀ. ಅಡ್ಡಳತೆಯೊಳಗಿನ, ತೆಳು ತೊಗಟೆಯ ಎಳೆ ಮರಗಳಿಗೆ ಅದೇ ಸರಿ. ದೊಡ್ಡ ಮರವಾದರೆ ಸ್ಪ್ಯಾಥಿಯಸ್ ಗಲಿನೆ ಎಂಬ ಕಣಜ. ರಷ್ಯಾದ ಪೂರ್ವ ತುದಿಯಿಂದ ತಂದ ಇದರ ಸೂಜಿ ಉದ್ದ, ದಪ್ಪ ತೊಗಟೆಯನ್ನೂ ದಾಟುತ್ತದೆ.

ಎರಡನ್ನೂ ಬಿಟ್ಟರೆ ಪೈಪೋಟಿ ಆಗಲ್ವಾ? ಒಂದೇ ಹುಳುವಿಗೆ ಬಿದ್ದರೆ ಆಗುತ್ತದೆ. ಟೆಟ್ರಾಸ್ಟಿಕಸ್ ಮರಿಗಳು ಹುಳುವಿನ ಒಳಗೆ ಬೆಳೆಯುತ್ತವೆ. ಸ್ಪ್ಯಾಥಿಯಸ್ ಹುಳುವನ್ನು ಚುಚ್ಚಿ ನಿಶ್ಚಲ ಮಾಡುತ್ತದೆ, ಅದರ ಮರಿಗಳು ಹೊರಗಿನಿಂದ ತಿನ್ನುತ್ತವೆ. ಆದರೆ ತೊಗಟೆಯ ದಪ್ಪವೇ ಇವುಗಳ ನಡುವೆ ಪಾಲು ಹಂಚುತ್ತದೆ. ಎಳೆ ಮರ, ದೊಡ್ಡ ಮರ ಬೆರೆತ ಕಾಡಿಗೆ ನಾನು ಎರಡನ್ನೂ ಆರಿಸುತ್ತೇನೆ. ಬಿಡುವ ಜಾಗ ಮಾತ್ರ ಬೇರೆ ಬೇರೆ ಇರಲಿ.