ಮಾಮೂಲಿ ಪ್ರಬಂಧವೋ, ರಿಜಿಸ್ಟರ್ಡ್ ರಿಪೋರ್ಟೋ?

ಮಾಮೂಲಿ ದಾರಿಯಲ್ಲಿ ಪ್ರಯೋಗ ಮುಗಿಸಿ, ಫಲಿತಾಂಶ ಬರೆದು ಸಂಶೋಧನಾ ಪತ್ರಿಕೆಗೆ ಕಳಿಸುತ್ತೀರಿ. ಪ್ರಕಟಿಸಬೇಕೇ ಎಂಬುದನ್ನು ಅವರು ಆ ಫಲಿತಾಂಶ ನೋಡಿಯೇ ತೀರ್ಮಾನಿಸುತ್ತಾರೆ. ‘ಪರಿಣಾಮ ಕಾಣಲಿಲ್ಲ’ ಎನ್ನುವ ಪ್ರಬಂಧಗಳು ಬೀರುವಿನಲ್ಲೇ ಕೊಳೆಯುವುದು ಇದರಿಂದಲೇ. ಮಿದುಳಿನ ಅಧ್ಯಯನಗಳನ್ನು ಪ್ರಕಟಿಸುವ ಕಾರ್ಟೆಕ್ಸ್ ಪತ್ರಿಕೆ 2013ರಲ್ಲಿ ಶುರುಮಾಡಿದ ರಿಜಿಸ್ಟರ್ಡ್ ರಿಪೋರ್ಟಿನಲ್ಲಿ ಪ್ರಶ್ನೆ, ಊಹೆ, ಸ್ಯಾಂಪಲ್ ಗಾತ್ರ, ವಿಶ್ಲೇಷಣೆಯ ವಿಧಾನ ಇಷ್ಟನ್ನೇ ಪ್ರಯೋಗಕ್ಕೆ ಮೊದಲು ವಿಮರ್ಶಕರು ನೋಡುತ್ತಾರೆ. ಅವರು ಒಪ್ಪಿ, ನೀವು ಹೇಳಿದಂತೆಯೇ ನಡೆದುಕೊಂಡರೆ, ಫಲಿತಾಂಶ ಏನೇ ಬರಲಿ, ಪ್ರಕಟವಾಗುತ್ತದೆ.

ಅಂತರ ಸಣ್ಣದಲ್ಲ. 2021ರಲ್ಲಿ ಪ್ರಕಟವಾದ ಮನೋವಿಜ್ಞಾನದ ಹೋಲಿಕೆಯೊಂದರಲ್ಲಿ, ಮೊದಲ ಊಹೆ ನಿಜವಾಯಿತು ಎಂದ ಮಾಮೂಲಿ ಪ್ರಬಂಧಗಳು ಶೇ 96. ರಿಜಿಸ್ಟರ್ಡ್ ರಿಪೋರ್ಟುಗಳು ಶೇ 44.

ಊಹೆಯೊಂದನ್ನು ಪರೀಕ್ಷಿಸುವುದಿದ್ದರೆ ಎರಡನೆಯದನ್ನೇ ಆರಿಸಿ. ಒಪ್ಪಿಗೆ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು. ಅಷ್ಟರೊಳಗೆ ದತ್ತಾಂಶ ಸಂಗ್ರಹಿಸಿಬಿಟ್ಟರೆ ಅರ್ಜಿಯೇ ಬೀಳಬಹುದು. ಫೆಲೋಶಿಪ್ ಮುಗಿಯುವ ಹಂತದಲ್ಲಿದ್ದರೆ, ಇಲ್ಲವೇ ಇನ್ನೂ ಊಹೆಯೇ ಇಲ್ಲದ ಹುಡುಕಾಟವಾಗಿದ್ದರೆ, ಮಾಮೂಲಿ ದಾರಿಯೇ ಸರಿ.