ಬರವಣಿಗೆ ತಿದ್ದಲು ಮೀಟ್, ಡಾಕ್ಸ್, ವಾಟ್ಸಾಪ್: ಮೂರನ್ನೂ ಬಳಸಿ ನೋಡಿದೆ

ಎಂ.ಎ. ಓದುವ ಆರು ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಡುತ್ತೇನೆ. ಮೂವರು ತೋಳಹುಣಸೆ ಕಡೆ, ಮೂವರು ಚಿತ್ರದುರ್ಗದಲ್ಲಿ. ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಹಾಗಾಗಿ ಆನ್‌ಲೈನ್ ಬಿಟ್ಟು ಬೇರೆ ದಾರಿ ಇರಲಿಲ್ಲ.

ಮೊದಲು ಜೂಮ್. ಉಚಿತ ಖಾತೆಗೆ 40 ನಿಮಿಷ. ಅದರಲ್ಲಿ ಹತ್ತು ನಿಮಿಷ "ಕೇಳಿಸ್ತಿದೆಯಾ ಮೇಡಂ?" ಎನ್ನುವುದರಲ್ಲೇ ಹೋಗುತ್ತಿತ್ತು. ಗೂಗಲ್ ಮೀಟ್‌ನಲ್ಲಿ ಗುಂಪಿಗೆ 60 ನಿಮಿಷ ಸಿಗುತ್ತದೆ. ಸಮಯವೇನೋ ಸಿಕ್ಕಿತು. ಆದರೆ ಒಬ್ಬರ ಪ್ಯಾರಾ ತಿದ್ದುವಾಗ ಉಳಿದ ಐವರು ಕ್ಯಾಮೆರಾ ಆಫ್ ಮಾಡಿ ಊಟಕ್ಕೆ ಕೂತಿರುತ್ತಿದ್ದರು. ತಟ್ಟೆ ಸದ್ದು ಕೇಳಿಸುತ್ತಿತ್ತು!

ಆಮೇಲೆ ಗೂಗಲ್ ಡಾಕ್ಸ್. ಮೊದಲ ದಿನವೇ ಎಡವಟ್ಟು. ಒಬ್ಬ ಹುಡುಗ ಡಿಟಿಪಿ ಅಂಗಡಿಯಲ್ಲಿ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದ. ಡಾಕ್ಸ್‌ಗೆ ಹಾಕಿದರೆ ಕನ್ನಡವೇ ಇಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಿಸಿ ತಂದ ಮೇಲೆ ಸರಿಹೋಯಿತು.

ಡಾಕ್ಸ್‌ನ ಸಲಹೆ ಮೋಡ್‌ನಲ್ಲಿ ನಾನು ತಿದ್ದಿದ್ದು ಬೇರೆ ಬಣ್ಣದಲ್ಲಿ ಕಾಣುತ್ತದೆ. ಒಪ್ಪುವುದು, ಬಿಡುವುದು ಬರೆದವರ ಕೈಯಲ್ಲಿ. ಇವರು ಓದದೆ ಎಲ್ಲಕ್ಕೂ ಟಿಕ್ ಒತ್ತುತ್ತಿದ್ದರು. ಬರೆದವಳು ನಾನಾದೆ, ಅಲ್ವಾ? ಅಂದಿನಿಂದ ತಿದ್ದುವುದು ಬಿಟ್ಟು ಕಾಮೆಂಟ್‌ನಲ್ಲಿ ಪ್ರಶ್ನೆ ಮಾತ್ರ ಕೇಳುತ್ತೇನೆ: "ಈ ಮಾತು ಯಾರದ್ದು?" "ಇಲ್ಲಿ 'ಆದ್ದರಿಂದ' ಯಾಕೆ ಬಂತು?" ಹಳೆಯ ಆವೃತ್ತಿಗಳೂ ಉಳಿದಿರುತ್ತವೆ. ಇಡೀ ಪುಟ ಒಂದೇ ನಿಮಿಷದಲ್ಲಿ ಬಂದು ಕೂತಿದ್ದರೆ ಅನುಮಾನ ಬರುತ್ತದೆ.

ವಾಟ್ಸಾಪ್ ಬಗ್ಗೆ ನನಗೆ ನಂಬಿಕೆಯೇ ಇರಲಿಲ್ಲ. ನೋಟ್‌ಬುಕ್ಕಿನ ಮಸುಕು ಫೋಟೊ, ಹಳೇ ಮೆಸೇಜ್ ಹುಡುಕುವ ಗೋಳು. ಆದರೆ ಒಂದು ದಿನ ಕರೆಂಟ್ ಇರಲಿಲ್ಲ, ಸುಮ್ನೆ ವಾಯ್ಸ್ ಮೆಸೇಜ್ ಕಳಿಸಿದೆ. ದುರ್ಗದ ಹುಡುಗಿಯೊಬ್ಬಳು ಕೋಟೆಯ ನೀರಿನ ಬಗ್ಗೆ ಬರೆದಿದ್ದಳು. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿ ಹೊಂಡಕ್ಕೆ, ಮುಂದೆ ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ನೀರು ಇಳಿಯುವುದೆಲ್ಲ ಒಂದೇ ವಾಕ್ಯದಲ್ಲಿ! ನಾನು ಅದನ್ನು ಗಟ್ಟಿಯಾಗಿ ಓದಿದೆ, ಅಷ್ಟೇ. "ಮೇಡಂ, ನಿಮಗೆ ಮಧ್ಯದಲ್ಲಿ ಉಸಿರು ಕಟ್ತು" ಎಂದು ಬರೆದಳು. ಅರ್ಧ ಗಂಟೆಯಲ್ಲಿ ಅದು ನಾಲ್ಕು ವಾಕ್ಯವಾಗಿ ಬಂತು. ಎರಡು ತಿಂಗಳು ಕಾಮೆಂಟ್ ಹಾಕಿದರೂ ಆಗದ ಕೆಲಸ.

ಈಗ ಬರೆಯುವುದು ಡಾಕ್ಸ್‌ನಲ್ಲಿ, ಓದಿ ಕೇಳಿಸುವುದು ವಾಟ್ಸಾಪ್‌ನಲ್ಲಿ. ಮೀಟ್ ಭಾನುವಾರ ಮಾತ್ರ, ಒಬ್ಬೊಬ್ಬರಿಗೆ 20 ನಿಮಿಷ. ಊಟ ಮುಗಿಸಿಯೇ ಬರಬೇಕು.