ಆಸ್ತಿ ತೆರಿಗೆ ಆಕ್ಷೇಪಣೆಗೆ ಏಜೆನ್ಸಿಯ ನೆರವು: ಸೇವೆಯೊಂದರ ವಿಮರ್ಶೆ

ಮನೆಯ ಮೌಲ್ಯವನ್ನು ಏರಿಸಿ ಕಳುಹಿಸಿದ ತೆರಿಗೆ ನೋಟಿಸಿಗೆ ಮಾಲೀಕರ ಪರವಾಗಿ ಆಕ್ಷೇಪಣೆ ಸಲ್ಲಿಸಿ, ವಿಚಾರಣೆಗೂ ತಾವೇ ಹಾಜರಾಗಿ, ತೆರಿಗೆ ಇಳಿದರೆ ಮಾತ್ರ ಶುಲ್ಕ ಪಡೆಯುವ ಏಜೆನ್ಸಿಗಳಿವೆ. ಅಂಥದೊಂದು ಏಜೆನ್ಸಿಗೆ ನನ್ನ ಮನೆಯ ಪ್ರಕರಣವನ್ನು ಒಪ್ಪಿಸಿದ್ದೆ, ತೆರಿಗೆ ಇಳಿಯಿತು. ಆದರೂ ಈ ಸೇವೆಗೆ ಪೂರ್ತಿ ಅಂಕ ಕೊಡಲು ಮನಸ್ಸು ಒಪ್ಪುತ್ತಿಲ್ಲ. ಶುಲ್ಕದ ಲೆಕ್ಕ ಹೇಗಿತ್ತೋ ಕೆಲಸವೂ ಹಾಗೆಯೇ ನಡೆಯಿತು: ಮೊದಲ ವರ್ಷದ ಉಳಿತಾಯದಲ್ಲಿ ಪಾಲು ಪಡೆಯುವವರಿಗೆ ಎರಡನೆಯ ವರ್ಷದ ಚಿಂತೆ ಇರಲಿಲ್ಲ.

ಮೊದಲು ಮೆಚ್ಚಬೇಕಾದ್ದನ್ನು ಹೇಳುತ್ತೇನೆ. ಗಡುವಿನ ವಿಷಯದಲ್ಲಿ ಅವರು ಕಟ್ಟುನಿಟ್ಟು. ಹಲವು ಕಡೆ ಆಕ್ಷೇಪಣೆಯ ಅವಧಿಯನ್ನು ನೋಟಿಸು ಹೊರಟ ದಿನದಿಂದ ಎಣಿಸುತ್ತಾರೆಯೇ ಹೊರತು ಅದು ನಮ್ಮ ಕೈ ಸೇರಿದ ದಿನದಿಂದಲ್ಲ. ಅದು ಮೀರಿದರೆ ಎಷ್ಟೇ ಗಟ್ಟಿಯಾದ ದಾಖಲೆ ಇದ್ದರೂ ಆ ವರ್ಷಕ್ಕೆ ಬಾಗಿಲು ಮುಚ್ಚಿದಂತೆಯೇ. ಅರ್ಜಿಯನ್ನು ಅವರು ಗಡುವಿಗೆ ಮೊದಲೇ ಸಲ್ಲಿಸಿ, ಮೊಹರು ಹಾಕಿದ ಸ್ವೀಕೃತಿ ಪತ್ರವನ್ನು ನನಗೆ ತಲುಪಿಸಿದರು. ಅರ್ಜಿಯ ಒಕ್ಕಣೆಯೂ ಹದವಾಗಿತ್ತು. ತೆರಿಗೆ ಹೆಚ್ಚಾಯಿತು, ಕಟ್ಟುವುದು ಕಷ್ಟ ಎಂಬ ಅಳಲಿಗೆ ಅದರಲ್ಲಿ ಜಾಗವಿರಲಿಲ್ಲ. ತೆರಿಗೆಯ ದರವನ್ನು ಗೊತ್ತುಮಾಡುವುದು ಸ್ಥಳೀಯ ಆಡಳಿತ, ಅದು ಈ ವಿಚಾರಣೆಯಲ್ಲಿ ಚರ್ಚೆಗೆ ಬರುವುದಿಲ್ಲ. ಪ್ರಶ್ನಿಸಬಹುದಾದದ್ದು ಮನೆಗೆ ಕಟ್ಟಿದ ಮೌಲ್ಯವನ್ನು, ಅದಕ್ಕೆ ಆಧಾರವಾದ ಅಳತೆ, ಬಳಕೆ, ವಯಸ್ಸು ಮುಂತಾದ ವಿವರಗಳನ್ನು ಮಾತ್ರ.

ನಿಜವಾಗಿ ಬೆಲೆ ಬಾಳುವ ಕೆಲಸ ಮಾಡಿದವರು ಅವರ ಕಿರಿಯ ಸಿಬ್ಬಂದಿಯೊಬ್ಬರು. ಮನೆಗೆ ಬರುವ ಮೊದಲೇ ಅವರು ಮೌಲ್ಯಮಾಪನ ಕಚೇರಿಯಿಂದ ನಮ್ಮ ಆಸ್ತಿಯ ದಾಖಲೆಯ ಪ್ರತಿಯನ್ನು ತೆಗೆಸಿದ್ದರು. ಅದರಲ್ಲಿದ್ದ ಕೈನಕ್ಷೆಯನ್ನು ಅಂಗಳದಲ್ಲಿ ಹರಡಿಕೊಂಡು, ಟೇಪು ಹಿಡಿದು ಹೊರಗೋಡೆಗಳನ್ನು ಒಂದೊಂದಾಗಿ ಅಳೆದರು. ನಕ್ಷೆಯಲ್ಲಿ ಮನೆಯ ಉದ್ದ 12.2 ಮೀಟರ್ ಎಂದಿತ್ತು, ಟೇಪಿನಲ್ಲಿ ಬಂದದ್ದು 10.2. ಅಗಲ 9 ಮೀಟರ್ ಆದ್ದರಿಂದ, ಇಲ್ಲದ 18 ಚದರ ಮೀಟರ್ ಕಟ್ಟಡಕ್ಕೆ ನಾವು ತೆರಿಗೆ ಕಟ್ಟುತ್ತಿದ್ದೆವು. ಗೋಡೆಯೇ ಇಲ್ಲದ ಕಾರ್ ಶೆಡ್ಡನ್ನೂ ವಾಸದ ಕೋಣೆಯೆಂದು ಬರೆದಿದ್ದರು. ಇಂಥ ತಪ್ಪುಗಳು ವಾದಕ್ಕೆ ಎಡೆ ಕೊಡುವುದಿಲ್ಲ; ಗೋಡೆ ಎಲ್ಲಿ ನಿಂತಿದೆಯೋ ಅಲ್ಲಿ ನಿಂತಿದೆ. ಮಾರುಕಟ್ಟೆ ಬೆಲೆಯ ಬಗ್ಗೆ ಅಧಿಕಾರಿಗೆ ತನ್ನದೇ ಅಭಿಪ್ರಾಯವಿರಬಹುದು, ಅಳತೆಯ ಬಗ್ಗೆ ಇರಲಾರದು.

ಇಷ್ಟು ಭದ್ರವಾದ ಆಧಾರ ಕೈಯಲ್ಲಿದ್ದೂ ಏಜೆನ್ಸಿ ಹೆಚ್ಚು ನೆಚ್ಚಿಕೊಂಡದ್ದು ಹೋಲಿಕೆಯ ಮಾರಾಟಗಳ ಪಟ್ಟಿಯನ್ನು, ಅಂದರೆ ನಮ್ಮ ಮನೆಯಂಥ ಬೇರೆ ಮನೆಗಳು ಎಷ್ಟಕ್ಕೆ ಮಾರಾಟವಾದವು ಎಂಬ ಪಟ್ಟಿಯನ್ನು. ಅದನ್ನು ತಯಾರಿಸಿದ ರೀತಿ ಮಾತ್ರ ನಿರಾಶಾದಾಯಕ. ಒಂದು ಮನೆ ಸಂಬಂಧಿಕರ ನಡುವೆ ಕೈ ಬದಲಿಸಿದ್ದು. ಅಂಥ ವ್ಯವಹಾರದ ಬೆಲೆಯನ್ನು ಯಾವ ಅಧಿಕಾರಿಯೂ ಮಾರುಕಟ್ಟೆ ಬೆಲೆಯೆಂದು ಸುಲಭವಾಗಿ ಒಪ್ಪುವುದಿಲ್ಲ. ಇನ್ನೊಂದು ಮೌಲ್ಯ ನಿರ್ಧಾರದ ದಿನಾಂಕದ ನಂತರ ಮಾರಾಟವಾದದ್ದು. ಆ ದಿನಾಂಕಕ್ಕಿರುವ ತೂಕವನ್ನು ಈ ವೃತ್ತಿಯವರಿಗೆ ಹೇಳಿಕೊಡಬೇಕಾಗಿ ಬಂದದ್ದು ವಿಚಿತ್ರ. ಇಂಗ್ಲೆಂಡಿನಲ್ಲಿ ಮನೆಗಳ ಕೌನ್ಸಿಲ್ ತೆರಿಗೆಯ ಶ್ರೇಣಿ ಇಂದಿಗೂ 1991ರ ಏಪ್ರಿಲ್ 1ರ ಮೌಲ್ಯವನ್ನೇ ಆಧರಿಸಿದೆ. ಈಗಿನ ಬೆಲೆ ಎಷ್ಟಾದರೂ ಅಲ್ಲಿ ಕೇಳುವ ಪ್ರಶ್ನೆ ಅಂದು ಎಷ್ಟಿತ್ತು ಎಂಬುದೇ. ನಾನು ಆಕ್ಷೇಪಿಸಿದ ಮೇಲೆ ಆ ಎರಡನ್ನೂ ತೆಗೆದು, ನಮ್ಮ ಮನೆಯಷ್ಟೇ ಹಳೆಯದಾದ, ಹತ್ತಿರದ ಮನೆಗಳನ್ನು ಸೇರಿಸಿದರು.

ವಿಚಾರಣೆಗೆ ಮುಂಚಿನ ಮಾತುಕತೆಯಲ್ಲೇ ಅಧಿಕಾರಿ ನಡುವಿನ ಮೊತ್ತವೊಂದನ್ನು ಸೂಚಿಸಿದರು. ಅದನ್ನು ಒಪ್ಪಿಕೊಳ್ಳುವಂತೆ ಏಜೆನ್ಸಿ ಒತ್ತಾಯಿಸಿತು. ಕೆಲವು ಕಡೆ ಮರುಪರಿಶೀಲನೆಯಲ್ಲಿ ಮೌಲ್ಯವನ್ನು ಏರಿಸುವ ಅಧಿಕಾರವೂ ಇರುವುದರಿಂದ ರಾಜಿಯ ಸಲಹೆಯನ್ನೇ ತಪ್ಪೆನ್ನಲಾರೆ. ನನ್ನ ತಕರಾರು ಬೇರೆ. ರಾಜಿಯಲ್ಲಿ ಇಳಿದದ್ದು ಆ ವರ್ಷದ ಮೊತ್ತ ಮಾತ್ರ. ದಾಖಲೆಯಲ್ಲಿ ಆ 18 ಚದರ ಮೀಟರ್ ಹಾಗೆಯೇ ಉಳಿಯಿತು, ಶೆಡ್ಡು ಕೋಣೆಯಾಗಿಯೇ ಉಳಿಯಿತು. ಮುಂದಿನ ಮರುಮೌಲ್ಯಮಾಪನದಲ್ಲಿ ಹೊಸ ದರವನ್ನು ಅದೇ ತಪ್ಪು ವಿಸ್ತೀರ್ಣಕ್ಕೆ ಗುಣಿಸುತ್ತಾರೆ. ದಾಖಲೆ ತಿದ್ದಿಸಿ ಎಂದಾಗ, ಅದು ಕರಾರಿನ ವ್ಯಾಪ್ತಿಯಲ್ಲಿಲ್ಲ ಎಂಬ ಉತ್ತರ ಬಂತು. ಕೊನೆಗೆ ಅದೇ ಅಳತೆಯ ಹಾಳೆಯನ್ನೂ ಫೋಟೊಗಳನ್ನೂ ಲಗತ್ತಿಸಿ ತಿದ್ದುಪಡಿಗೆ ನಾನೇ ಅರ್ಜಿ ಹಾಕಿದೆ. ಕಚೇರಿಯವರು ಬಂದು ಅಳೆದು ಸರಿಪಡಿಸಿದರು. ಅದಕ್ಕೆ ಯಾವ ವಾದವೂ ಬೇಕಾಗಲಿಲ್ಲ.

ಆಕ್ಷೇಪಣೆ ಇತ್ಯರ್ಥವಾಗುವವರೆಗೆ ತೆರಿಗೆ ಕಟ್ಟುವುದನ್ನು ನಿಲ್ಲಿಸಬಹುದೇ ಎಂಬ ಬಗ್ಗೆಯೂ ಅವರು ಬಾಯಿ ಬಿಡಲಿಲ್ಲ. ಸಾಮಾನ್ಯವಾಗಿ ಪೂರ್ತಿ ಮೊತ್ತವನ್ನೋ ವಿವಾದವಿಲ್ಲದ ಭಾಗವನ್ನೋ ಕಟ್ಟಲೇಬೇಕಾಗುತ್ತದೆ. ಇಲ್ಲವಾದರೆ ದಂಡ, ಬಡ್ಡಿ ಬೆಳೆಯುತ್ತವೆ. ಗ್ರಾಹಕರಿಗೆ ಮೊದಲ ದಿನವೇ ಹೇಳಬೇಕಾದ ಮಾತಿದು.

ನೋಟಿಸು ಬಂದವರು ದಾಖಲೆಯ ಪ್ರತಿಯನ್ನು ತರಿಸಿ ಮನೆಯನ್ನು ತಾವೇ ಅಳೆದು ನೋಡುವುದು ಒಳ್ಳೆಯದು. ತಪ್ಪು ಅಲ್ಲೇ ಸಿಕ್ಕರೆ ಉಳಿತಾಯದಲ್ಲಿ ಯಾರಿಗೂ ಪಾಲು ಕೊಡುವ ಅಗತ್ಯವಿಲ್ಲ. ವಿವರಗಳೆಲ್ಲ ಸರಿಯಿದ್ದು ಬೆಲೆ ಮಾತ್ರ ವಿಪರೀತ ಅನ್ನಿಸಿದಾಗ, ಮಾರಾಟದ ದಾಖಲೆಗಳನ್ನು ಹುಡುಕುವ ವ್ಯವಧಾನ ಇಲ್ಲದವರಿಗೆ ಇಂಥ ಏಜೆನ್ಸಿ ಉಪಯೋಗಕ್ಕೆ ಬಂದೀತು. ಆಗಲೂ ಅಧಿಕಾರ ಪತ್ರಕ್ಕೆ ಸಹಿ ಹಾಕುವ ಮುನ್ನ ಕರಾರಿನ ಕೊನೆಯ ಪುಟವನ್ನು ಓದಬೇಕು. ನನಗೆ ಕೊಟ್ಟ ಪ್ರತಿಯಲ್ಲಿ, ಮುಂದಿನ ವರ್ಷಗಳ ಆಕ್ಷೇಪಣೆಯನ್ನೂ ಅವರೇ ತಾನಾಗಿ ಸಲ್ಲಿಸಿ ಶುಲ್ಕ ಪಡೆಯಬಹುದೆಂಬ ಸಾಲೊಂದು ಸಣ್ಣ ಅಕ್ಷರದಲ್ಲಿತ್ತು. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡಲು ಕೇಳಿದಾಗ ಅವರು ಮರುಮಾತಾಡದೆ ಮಾಡಿಕೊಟ್ಟರು.